ಹಳೇ ಕಂಪ್ಯೂಟರ್‌ಗೆ ನೆಟ್ ಬರ್ತಿಲ್ವಾ? ಮದರ್‌ಬೋರ್ಡ್ ಬದಲಿಸುವ ಮೊದಲು ಇಷ್ಟು ಪರೀಕ್ಷೆ ಮಾಡಿ

ಸ್ಕಾಲರ್‌ಶಿಪ್ ಅರ್ಜಿ ಇರಲಿ, ಪಹಣಿ ಪ್ರಿಂಟ್ ಇರಲಿ, ಜಿಎಸ್‌ಟಿ ಬಿಲ್ ಇರಲಿ, ಈಗ ಎಲ್ಲಕ್ಕೂ ನೆಟ್ ಬೇಕು. ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಗೊಬ್ಬರದ ಅಂಗಡಿ, ಮೆಡಿಕಲ್ ಸ್ಟೋರ್‌ಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಕಂಪ್ಯೂಟರ್‌ಗಳು ಇವತ್ತಿಗೂ ದುಡಿಯುತ್ತಿವೆ. ಅವು ಕೈಕೊಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಕಂಪ್ಯೂಟರ್ ಆನ್ ಆಗುತ್ತೆ, ಪ್ರಿಂಟರ್ ಓಡುತ್ತೆ, ನೆಟ್ ಮಾತ್ರ ಬರಲ್ಲ.

ಆಗ ಅಂಗಡಿಯವರು ಕೇಳುವ ಮೊದಲ ಮಾತು, ‘ಲ್ಯಾನ್ ಕಾರ್ಡ್ ಹೋಗಿದೆ’. ಎರಡನೇ ಮಾತು, ‘ಮದರ್‌ಬೋರ್ಡ್‌ನಲ್ಲೇ ಇರೋದು, ಬೋರ್ಡೇ ಚೇಂಜ್ ಮಾಡ್ಬೇಕು’. ಹಳೇ ಮಾಡೆಲ್‌ನ ಬೋರ್ಡ್ ಸಿಗಲ್ಲ, ಹಾಗಾಗಿ ಹೊಸ ಕಂಪ್ಯೂಟರ್ ತಗೊಳ್ಳಿ ಅನ್ನುವಲ್ಲಿಗೆ ಮಾತು ಬಂದು ನಿಲ್ಲುತ್ತೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ವೈರ್ ಹೋಗಿದ್ದಕ್ಕೆ, ಸೆಟ್ಟಿಂಗ್ ತಪ್ಪಿದ್ದಕ್ಕೆ, ತಾರೀಖು ಹಿಂದೆ ಹೋಗಿದ್ದಕ್ಕೆ ಬೋರ್ಡ್ ಬದಲಿಸಿದರೆ ದುಡ್ಡು ದಂಡ. ಕಾರ್ಡ್ ನಿಜವಾಗಿಯೂ ಸುಟ್ಟಿದ್ದರೂ ಕೆಲವು ನೂರು ರೂಪಾಯಿಯ ಬೇರೆ ಕಾರ್ಡ್ ಹಾಕಿಕೊಂಡು ಕೆಲಸ ಮುಂದುವರಿಸಬಹುದು. ದೋಷ ಎಲ್ಲಿದೆ ಅಂತ ಹಂತ ಹಂತವಾಗಿ ಪತ್ತೆ ಮಾಡುವುದು ಹೇಗೆ ಅನ್ನೋದು ಇಲ್ಲಿದೆ.

ಮೊದಲು: ಕಂಪ್ಯೂಟರ್‌ಗೆ ಮಾತ್ರವೇ, ಎಲ್ಲಕ್ಕೂನಾ?

ಅದೇ ರೂಟರ್‌ನ ವೈಫೈಗೆ ನಿಮ್ಮ ಮೊಬೈಲ್ ಕನೆಕ್ಟ್ ಮಾಡಿ, ಮೊಬೈಲ್ ಡೇಟಾ ಆಫ್ ಮಾಡಿ ನೋಡಿ. ಮೊಬೈಲ್‌ನಲ್ಲೂ ನೆಟ್ ಇಲ್ಲ ಅಂದ್ರೆ ತೊಂದರೆ ಕಂಪ್ಯೂಟರ್‌ದಲ್ಲ. ಫೈಬರ್ ಕನೆಕ್ಷನ್ ಇದ್ದರೆ ಗೋಡೆಯ ಮೇಲಿನ ಡಬ್ಬಿಯಲ್ಲಿ ‘ಲಾಸ್’ ಅಂತ ಬರೆದಿರುವ ಕೆಂಪು ದೀಪ ಉರಿಯುತ್ತಿದೆಯಾ ನೋಡಿ. ಉರಿಯುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರ್ತಿಲ್ಲ ಅಂತ ಅರ್ಥ. ಎಲ್ಲೋ ಕೇಬಲ್ ತುಂಡಾಗಿದೆ ಅಥವಾ ಮಡಚಿಕೊಂಡಿದೆ. ಕಂಪ್ಯೂಟರ್ ಮುಟ್ಟದೆ ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ.

ಮೊಬೈಲ್‌ನಲ್ಲಿ ನೆಟ್ ಬಂದು ಕಂಪ್ಯೂಟರ್‌ನಲ್ಲಿ ಮಾತ್ರ ಬರದಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಹಿಂದುಗಡೆ ಸಣ್ಣ ದೀಪ ಏನು ಹೇಳುತ್ತೆ?

ಕಂಪ್ಯೂಟರ್ ಹಿಂಭಾಗದಲ್ಲಿ ನೆಟ್ ವೈರ್ ಸಿಕ್ಕಿಸುವ ತೂತಿನ ಪಕ್ಕ ಸಾಮಾನ್ಯವಾಗಿ ಎರಡು ಸಣ್ಣ ದೀಪ ಇರುತ್ತವೆ. ಒಂದು ಸ್ಥಿರವಾಗಿ ಉರಿಯಬೇಕು, ಇನ್ನೊಂದು ಮಿಣುಕಬೇಕು. ಉರಿಯುವ ದೀಪ ಅಂದ್ರೆ ರೂಟರ್ ಮತ್ತು ಕಂಪ್ಯೂಟರ್ ಒಂದನ್ನೊಂದು ಗುರುತಿಸಿವೆ. ಮಿಣುಕುವ ದೀಪ ಅಂದ್ರೆ ಡೇಟಾ ಓಡಾಡ್ತಿದೆ.

ದೀಪ ಉರಿಯುತ್ತಿದ್ದೂ ನೆಟ್ ಇಲ್ಲ ಅಂದ್ರೆ ತೊಂದರೆ ಹೆಚ್ಚಾಗಿ ಸೆಟ್ಟಿಂಗ್ ಅಥವಾ ಡ್ರೈವರ್‌ನಲ್ಲಿ ಇರುತ್ತೆ. ದೀಪವೇ ಇಲ್ಲ ಅಂದ್ರೆ ವೈರ್, ರೂಟರ್‌ನ ಪೋರ್ಟ್ ಅಥವಾ ಕಾರ್ಡ್, ಈ ಮೂರರಲ್ಲಿ ಒಂದು. ಅರ್ಧ ಹುಡುಕಾಟ ಇಲ್ಲೇ ಮುಗಿಯುತ್ತೆ.

ದೀಪ ಇಲ್ಲದಿದ್ದರೆ ವೈರ್‌ನ ಎರಡೂ ತುದಿ ಕಿತ್ತು ‘ಟಕ್’ ಅನ್ನುವ ಹಾಗೆ ಮತ್ತೆ ಸಿಕ್ಕಿಸಿ. ಕನೆಕ್ಟರ್‌ನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ವೈರ್ ಸಡಿಲವಾಗಿ ಜಾರುತ್ತೆ, ನೋಡೋಕೆ ಮಾತ್ರ ಸರಿ ಇದ್ದಂತೆ ಕಾಣುತ್ತೆ. ಆಮೇಲೆ ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಕೊನೆಗೆ ಬೇರೆ ವೈರ್ ಹಾಕಿ. ಪಕ್ಕದ ಅಂಗಡಿಯಿಂದ ಐದು ನಿಮಿಷಕ್ಕೆ ಒಂದು ವೈರ್ ಕೇಳಿ ತಂದರೂ ಸಾಕು, ದೊಡ್ಡ ಖರ್ಚು ಉಳಿಯಬಹುದು.

ವೈರ್ ಹಾಳಾಗುವುದು ಹೇಗೆ? ಅಟ್ಟದ ಮೇಲೆ ಇಲಿ ಕಡಿಯುತ್ತೆ. ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜುತ್ತೆ. ಗೋಡೆಗೆ ಮೊಳೆ ಹೊಡೆಯುವಾಗ ಒಳಗಿನ ಎಳೆ ತುಂಡಾಗುತ್ತೆ. ನೆಟ್ ವೈರ್ ಒಳಗೆ ಎಂಟು ಎಳೆ, ನಾಲ್ಕು ಜೋಡಿ ಇರುತ್ತವೆ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು, 1000 ಎಂಬಿಪಿಎಸ್‌ಗೆ ಎಂಟೂ ಎಳೆ ಬೇಕು. ಅದಕ್ಕೇ ಒಂದು ಎಳೆ ಹೋದಾಗ ಕೆಲವು ಕಂಪ್ಯೂಟರ್‌ನಲ್ಲಿ ನೆಟ್ ಪೂರ್ತಿ ನಿಲ್ಲದೆ ನಿಧಾನ ಆಗುತ್ತೆ ಅಥವಾ ಬಂದು ಹೋಗಿ ಮಾಡುತ್ತೆ.

ಹೊಸ ಕನೆಕ್ಟರ್ ಹಾಕಿಸುವಾಗ ಬಣ್ಣದ ಸಾಲು ಗಮನಿಸಿ. ನಾಲಿಗೆ ಕೆಳಗೆ, ಚಿನ್ನದ ಬಣ್ಣದ ಪಿನ್‌ಗಳು ಮೇಲೆ ಇರುವ ಹಾಗೆ ಹಿಡಿದು ಎಡದಿಂದ ನೋಡಿದರೆ ಸಾಮಾನ್ಯವಾಗಿ ಬಳಸುವ ಕ್ರಮ ಇದು: ಬಿಳಿ ಕೇಸರಿ, ಕೇಸರಿ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು ಇರಬೇಕು. ಒಂದು ವೈರ್‌ನ ಉದ್ದ 100 ಮೀಟರ್ ದಾಟಬಾರದು. ಕರೆಂಟ್ ವೈರ್ ಜೊತೆ ಒಂದೇ ಪೈಪ್‌ನಲ್ಲಿ ಎಳೆಯಲೂಬಾರದು.

ಕರೆಂಟ್ ಪೂರ್ತಿ ತೆಗೆದು ನೋಡಿ

ಕಂಪ್ಯೂಟರ್ ಶಟ್‌ಡೌನ್ ಮಾಡಿದ ಮೇಲೂ ಲ್ಯಾನ್ ಪೋರ್ಟ್‌ನ ದೀಪ ಉರಿಯುತ್ತಿರುವುದನ್ನು ಹಲವರು ಗಮನಿಸಿರಬಹುದು. ಪ್ಲಗ್ ಹಾಕಿರುವಷ್ಟು ಹೊತ್ತು ಮದರ್‌ಬೋರ್ಡ್‌ಗೆ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತೆ. ಹಾಗಾಗಿ ಒಮ್ಮೆ ಗೊಂದಲಕ್ಕೆ ಬಿದ್ದ ಕಾರ್ಡ್, ಆಫ್ ಮಾಡಿ ಆನ್ ಮಾಡಿದರೂ ಅದೇ ಸ್ಥಿತಿಯಲ್ಲೇ ಉಳಿಯಬಹುದು.

ಪರಿಹಾರ ಸುಲಭ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಕಂಪ್ಯೂಟರ್‌ನ ಪವರ್ ವೈರ್ ಮತ್ತು ನೆಟ್ ವೈರ್ ಎರಡನ್ನೂ ಕಿತ್ತು ಹಾಕಿ. ಪವರ್ ಬಟನ್ ಅನ್ನು 20 ಸೆಕೆಂಡ್ ಒತ್ತಿ ಹಿಡಿಯಿರಿ. ಐದು ನಿಮಿಷ ಬಿಟ್ಟು ಮತ್ತೆ ಜೋಡಿಸಿ. ಇದೇ ಹೊತ್ತಿನಲ್ಲಿ ರೂಟರ್ ಕೂಡ ಆಫ್ ಮಾಡಿ ಆನ್ ಮಾಡಿ. ಯುಪಿಎಸ್‌ಗೆ ಹಾಕಿದ್ದರೆ ಅದರಿಂದಲೂ ಕೀಳಬೇಕು ಅನ್ನೋದು ನೆನಪಿರಲಿ.

ವಿಂಡೋಸ್ 10 ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಅದರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಅನ್ನೋದು ಪೂರ್ತಿ ಶಟ್‌ಡೌನ್ ಅಲ್ಲ. ಬದಲಿಗೆ ‘ರೀಸ್ಟಾರ್ಟ್’ ಕೊಟ್ಟರೆ ಡ್ರೈವರ್‌ಗಳೆಲ್ಲ ಹೊಸದಾಗಿ ಲೋಡ್ ಆಗುತ್ತವೆ.

ಡಿವೈಸ್ ಮ್ಯಾನೇಜರ್‌ನ ನಂಬರ್‌ಗಳ ಅರ್ಥ

ಇಷ್ಟಾದರೂ ಬರದಿದ್ದರೆ ಕಂಪ್ಯೂಟರ್ ತಾನೇ ಏನು ಹೇಳುತ್ತೆ ಅಂತ ಕೇಳಬೇಕು. ‘ಮೈ ಕಂಪ್ಯೂಟರ್’ ಅಥವಾ ‘ದಿಸ್ ಪಿಸಿ’ ಮೇಲೆ ರೈಟ್ ಕ್ಲಿಕ್ ಮಾಡಿ ‘ಮ್ಯಾನೇಜ್’ ಒತ್ತಿ, ಅಲ್ಲಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಅನ್ನುವ ಸಾಲನ್ನು ಬಿಚ್ಚಿದರೆ ಕಾರ್ಡ್‌ನ ಹೆಸರು ಕಾಣಬೇಕು. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ರಿಯಲ್‌ಟೆಕ್ ಅಥವಾ ಇಂಟೆಲ್ ಹೆಸರು ಸಾಮಾನ್ಯ.

ಹೆಸರಿನ ಪಕ್ಕ ಹಳದಿ ಗುರುತು ಅಥವಾ ಕೆಳಮುಖದ ಬಾಣ ಇದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ‘ಡಿವೈಸ್ ಸ್ಟೇಟಸ್’ ಅನ್ನುವ ಡಬ್ಬಿಯಲ್ಲಿ ಒಂದು ಕೋಡ್ ನಂಬರ್ ಇರುತ್ತೆ.

ಕೋಡ್ 22: ಕಾರ್ಡ್ ಅನ್ನು ಯಾರೋ ಆಫ್ ಮಾಡಿದ್ದಾರೆ. ರೈಟ್ ಕ್ಲಿಕ್ ಮಾಡಿ ‘ಎನೇಬಲ್’ ಕೊಟ್ಟರೆ ಮುಗೀತು.

ಕೋಡ್ 28: ಡ್ರೈವರ್ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಹೆಚ್ಚು ಬರೋದು ಇದೇ.

ಕೋಡ್ 10: ಕಾರ್ಡ್ ಶುರು ಆಗ್ತಿಲ್ಲ. ತಪ್ಪು ಡ್ರೈವರ್ ಇರಬಹುದು, ಕಾರ್ಡೇ ಕೆಟ್ಟಿರಲೂಬಹುದು.

ಕೋಡ್ 12: ಎರಡು ಸಾಮಾನು ಕಂಪ್ಯೂಟರ್ ಒಳಗೆ ಒಂದೇ ಜಾಗಕ್ಕೆ ಕಿತ್ತಾಡುತ್ತಿವೆ. ಬೇರೆ ಕಾರ್ಡ್ ಹಾಕಿಸಿದ ಹಳೇ ಯಂತ್ರಗಳಲ್ಲಿ ಬರುತ್ತೆ. ಸ್ಲಾಟ್ ಬದಲಿಸಿ ನೋಡಬೇಕು.

ಕೋಡ್ 43: ಕಾರ್ಡ್ ತನಗೆ ತೊಂದರೆ ಇದೆ ಅಂತ ಹೇಳಿದ್ದಕ್ಕೆ ವಿಂಡೋಸ್ ಅದನ್ನು ನಿಲ್ಲಿಸಿದೆ. ಕರೆಂಟ್ ಪೂರ್ತಿ ತೆಗೆದು ನೋಡುವ ಉಪಾಯ ಇಲ್ಲಿ ಕೆಲವೊಮ್ಮೆ ಫಲ ಕೊಡುತ್ತೆ.

ಪಟ್ಟಿಯಲ್ಲಿ ಕಾರ್ಡ್‌ನ ಹೆಸರೇ ಇಲ್ಲ ಅಂದ್ರೆ ‘ಅದರ್ ಡಿವೈಸಸ್’ ಕೆಳಗೆ ‘ಈಥರ್‌ನೆಟ್ ಕಂಟ್ರೋಲರ್’ ಅಂತ ಇದೆಯಾ ನೋಡಿ. ಇದ್ದರೆ ಕಾರ್ಡ್ ಜೀವಂತ ಇದೆ, ಡ್ರೈವರ್ ಬೇಕು ಅಷ್ಟೆ. ಅಲ್ಲೂ ಇಲ್ಲ ಅಂದ್ರೆ ಬಯೋಸ್‌ನಲ್ಲಿ ಆಫ್ ಆಗಿರಬಹುದು. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಇದ್ದರೆ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಬಯೋಸ್ ತೆರೆಯುತ್ತೆ. ಕೆಲವು ಕಂಪನಿಯವಕ್ಕೆ ಎಫ್10 ಅಥವಾ ಎಫ್1. ಅಲ್ಲಿ ‘ಆನ್‌ಬೋರ್ಡ್ ಲ್ಯಾನ್’ ಅನ್ನೋದು ‘ಎನೇಬಲ್ಡ್’ ಇರಬೇಕು. ಎನೇಬಲ್ಡ್ ಇದ್ದೂ ಕಾಣದಿದ್ದರೆ ಕಾರ್ಡ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಡ್ರೈವರ್ ಎಲ್ಲಿಂದ? ನೆಟ್ಟೇ ಇಲ್ವಲ್ಲ!

ನೆಟ್ ಬರೋಕೆ ಡ್ರೈವರ್ ಬೇಕು, ಡ್ರೈವರ್ ತರೋಕೆ ನೆಟ್ ಬೇಕು. ಈ ಇಕ್ಕಟ್ಟಿಗೆ ಮೊಬೈಲ್ ಫೋನೇ ದಾರಿ. ಫೋನನ್ನು ಡೇಟಾ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ, ಫೋನ್ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ವಿಭಾಗಕ್ಕೆ ಹೋಗಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಬರೀ ಚಾರ್ಜ್ ಆಗುವ ಕೇಬಲ್ ಆದರೆ ಇದು ಆಗಲ್ಲ. ವಿಂಡೋಸ್ 7 ಮತ್ತು ಅದರ ನಂತರದವುಗಳಲ್ಲಿ ಬಹುಪಾಲು ಆಂಡ್ರಾಯ್ಡ್ ಫೋನ್ ಹೀಗೆ ಜೋಡಿಸಿದರೆ ನೆಟ್ ಬರುತ್ತೆ. ಗಿರಾಕಿಗಳು ಕಾಯ್ತಿದ್ದಾರೆ ಅಂದ್ರೆ ಅವತ್ತಿನ ಅರ್ಜಿಗಳನ್ನು ಇದರಲ್ಲೇ ಹಾಕಿ ಮುಗಿಸಿ, ರಿಪೇರಿ ಆಮೇಲೆ ನೋಡಿಕೊಳ್ಳಬಹುದು.

ಡೆಲ್, ಎಚ್‌ಪಿ, ಲೆನೊವೊ, ಏಸರ್‌ನಂಥ ಬ್ರ್ಯಾಂಡ್ ಕಂಪ್ಯೂಟರ್ ಆದರೆ ಡಬ್ಬಿಯ ಮೇಲಿನ ಸರ್ವಿಸ್ ಟ್ಯಾಗ್ ಅಥವಾ ಸೀರಿಯಲ್ ನಂಬರ್ ನೋಡಿ, ಆಯಾ ಕಂಪನಿಯ ವೆಬ್‌ಸೈಟ್‌ನಿಂದಲೇ ಡ್ರೈವರ್ ತಗೊಳ್ಳಿ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಾರ್ಡ್‌ನ ‘ಪ್ರಾಪರ್ಟೀಸ್’, ‘ಡೀಟೇಲ್ಸ್’, ‘ಹಾರ್ಡ್‌ವೇರ್ ಐಡಿ’ ತೆರೆಯಿರಿ. ಅಲ್ಲಿ ‘ವಿಇಎನ್’ ಆದ ಮೇಲೆ 10ಇಸಿ ಅಂತ ಇದ್ದರೆ ರಿಯಲ್‌ಟೆಕ್, 8086 ಇದ್ದರೆ ಇಂಟೆಲ್. ‘ಡಿಇವಿ’ ನಂತರದ ನಂಬರ್ ಮಾಡೆಲ್ ಹೇಳುತ್ತೆ. ರಿಯಲ್‌ಟೆಕ್‌ನಲ್ಲಿ 8139 ಇದ್ದರೆ ತುಂಬ ಹಳೆಯ 100 ಎಂಬಿಪಿಎಸ್ ಕಾರ್ಡ್, 8168 ಇದ್ದರೆ 1000 ಎಂಬಿಪಿಎಸ್‌ನದು.

‘ಒಂದೇ ಕ್ಲಿಕ್‌ಗೆ ಎಲ್ಲಾ ಡ್ರೈವರ್ ಸರಿ’ ಅನ್ನುವ ಫ್ರೀ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಅವುಗಳ ಜೊತೆ ಜಾಹೀರಾತು, ಕೆಲವೊಮ್ಮೆ ವೈರಸ್ ಕೂಡ ಬರುತ್ತೆ. ಗಿರಾಕಿಗಳ ಆಧಾರ್ ಪ್ರತಿ ಇರುವ ಕಂಪ್ಯೂಟರ್‌ನಲ್ಲಿ ಇಂಥ ಪ್ರಯೋಗ ಅಪಾಯ.

ನಿನ್ನೆವರೆಗೂ ಚೆನ್ನಾಗಿದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ, ‘ಡ್ರೈವರ್’ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೇ ಮರಳಬಹುದು. ಸ್ವಲ್ಪ ಹೊತ್ತು ಬಿಟ್ಟರೆ ನೆಟ್ ಕಟ್ ಆಗುತ್ತೆ ಅನ್ನುವವರು ಅಲ್ಲೇ ‘ಪವರ್ ಮ್ಯಾನೇಜ್‌ಮೆಂಟ್’ ಟ್ಯಾಬ್‌ಗೆ ಹೋಗಿ, ಕರೆಂಟ್ ಉಳಿಸಲು ಈ ಡಿವೈಸ್ ಆಫ್ ಮಾಡಬಹುದು ಅನ್ನುವ ಸಾಲಿನ ಟಿಕ್ ತೆಗೆಯಬೇಕು.

169ರಿಂದ ಶುರುವಾದರೆ ಏನರ್ಥ?

ಕಾರ್ಡ್ ಸರಿ ಇದೆ, ದೀಪ ಉರಿಯುತ್ತೆ, ಆದರೂ ಹಳದಿ ತ್ರಿಕೋನ. ಆಗ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಬರುವ ಕಪ್ಪು ಪರದೆಯಲ್ಲಿ ‘ಐಪಿಕಾನ್ಫಿಗ್’ ಅಂತ ಇಂಗ್ಲಿಷ್‌ನಲ್ಲಿ ಒಂದೇ ಪದವಾಗಿ ಟೈಪ್ ಮಾಡಿ. ‘ಐಪಿವಿ4 ಅಡ್ರೆಸ್’ ಅನ್ನುವ ಸಾಲು ನೋಡಿ.

192.168ರಿಂದ ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟಿದೆ. 169.254ರಿಂದ ಶುರುವಾಗಿದ್ದರೆ ರೂಟರ್‌ನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದು ನಂಬರ್ ಇಟ್ಟುಕೊಂಡಿದೆ. ಆ ನಂಬರ್‌ನಲ್ಲಿ ನೆಟ್ ಬರಲ್ಲ. ರೂಟರ್ ರೀಸ್ಟಾರ್ಟ್ ಮಾಡಿ, ವೈರ್ ಬದಲಿಸಿ ನೋಡಿ.

ಹಿಂದೆ ಯಾರೋ ಕೈಯಾರೆ ವಿಳಾಸ ಹಾಕಿಟ್ಟಿದ್ದು, ಈಗ ರೂಟರ್ ಬದಲಾಗಿದ್ದರೂ ನೆಟ್ ನಿಲ್ಲುತ್ತೆ. ಅಡಾಪ್ಟರ್ ಪ್ರಾಪರ್ಟೀಸ್‌ನಲ್ಲಿ ‘ಇಂಟರ್ನೆಟ್ ಪ್ರೊಟೊಕಾಲ್ ವರ್ಷನ್ 4’ ತೆರೆದು ‘ಆಟೊಮ್ಯಾಟಿಕ್’ ಆಯ್ಕೆ ಕೊಡಿ. ಆದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಎರಡು ಮೂರು ಕಂಪ್ಯೂಟರ್‌ಗೆ ಶೇರ್ ಆಗಿದ್ದರೆ ಹಳೇ ನಂಬರ್‌ಗಳನ್ನು ಬರೆದಿಟ್ಟುಕೊಂಡೇ ಕೈ ಹಾಕಿ. ಎರಡು ಕಂಪ್ಯೂಟರ್‌ಗೆ ಒಂದೇ ನಂಬರ್ ಬಿದ್ದರೆ ‘ಐಪಿ ಅಡ್ರೆಸ್ ಕಾನ್ಫ್ಲಿಕ್ಟ್’ ಅಂತ ಬರುತ್ತೆ.

ಕಂಪ್ಯೂಟರ್‌ನಿಂದಲೇ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಮಾಡುವವರಿಗೆ ಬೇರೆ ನಂಬರ್ ಬರುತ್ತವೆ. 691 ಬಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಒಪ್ಪಿಲ್ಲ, ಪ್ಯಾಕ್ ಮುಗಿದಿರಲೂಬಹುದು. 651 ಬಂದರೆ ಆ ಕಡೆಯಿಂದ ಉತ್ತರವೇ ಬಂದಿಲ್ಲ. ವೈರ್, ಮೋಡೆಮ್, ಕಾರ್ಡ್ ಅಥವಾ ಲೈನ್ ನೋಡಬೇಕು.

ತಪ್ಪು ಯಾರದ್ದು? ಪಿಂಗ್ ಹೇಳುತ್ತೆ

‘ನಮ್ಮ ಲೈನ್ ಸರಿ ಇದೆ, ನಿಮ್ಮ ಕಂಪ್ಯೂಟರ್ ನೋಡಿಸಿ’ ಅಂತ ನೆಟ್ ಕೊಟ್ಟವರು. ‘ಕಂಪ್ಯೂಟರ್ ಸರಿ ಇದೆ, ನೆಟ್‌ನವರಿಗೆ ಹೇಳಿ’ ಅಂತ ರಿಪೇರಿಯವರು. ನಡುವೆ ಸಿಕ್ಕವರು ಅಂಗಡಿಯವರು. ಈ ಜಗಳ ಬಿಡಿಸುವ ಸಾಧನ ಪ್ರತಿ ಕಂಪ್ಯೂಟರ್‌ನಲ್ಲೂ ಇದೆ.

ಅದೇ ಕಪ್ಪು ಪರದೆಯಲ್ಲಿ ‘ಡೀಫಾಲ್ಟ್ ಗೇಟ್‌ವೇ’ ಎದುರು ಇರುವ ನಂಬರ್ ನೋಡಿಕೊಳ್ಳಿ. 192.168.1.1 ಅಂತ ಇದೆ ಅಂದುಕೊಳ್ಳಿ. ಅದೇ ರೂಟರ್. ‘ಪಿಂಗ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್, ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು ಟಿ ಹಾಕಿ ಎಂಟರ್ ಕೊಡಿ. ಸಾಲು ಸಾಲಾಗಿ ಉತ್ತರ ಬರ್ತಾ ಹೋಗುತ್ತೆ. ವೈರ್‌ನಲ್ಲಿ ಜೋಡಿಸಿದ್ದರೆ ಒಂದೆರಡು ಮಿಲಿಸೆಕೆಂಡ್‌ನಲ್ಲಿ ಉತ್ತರ ಬರಬೇಕು. ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬಂದರೆ ತೊಂದರೆ ಅಂಗಡಿಯೊಳಗೇ ಇದೆ: ವೈರ್, ಕಾರ್ಡ್ ಅಥವಾ ರೂಟರ್. ನಿಲ್ಲಿಸಲು ಕಂಟ್ರೋಲ್ ಜೊತೆ ಸಿ ಒತ್ತಿ.

ರೂಟರ್‌ಗೆ ಉತ್ತರ ತಪ್ಪದೆ ಬಂದರೆ ಇದೇ ರೀತಿ 8.8.8.8ಕ್ಕೆ ಪಿಂಗ್ ಮಾಡಿ. ಇಲ್ಲಿ ಉತ್ತರ ಬರದಿದ್ದರೆ ತೊಂದರೆ ಹೆಚ್ಚಾಗಿ ರೂಟರ್‌ನ ಸೆಟ್ಟಿಂಗ್ ಅಥವಾ ಅದರಾಚೆಗಿನ ಲೈನ್‌ನದು. ಪರದೆಯ ಫೋಟೊ ತೆಗೆದು ನೆಟ್ ಕೊಟ್ಟವರಿಗೆ ಕಳಿಸಿ. ಇಲ್ಲೂ ಉತ್ತರ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್, ಬ್ರೌಸರ್ ಅಥವಾ ತಾರೀಖಿನ ಸಮಸ್ಯೆ.

ತಾರೀಖು ತಪ್ಪಿದ್ದರೂ ನೆಟ್ ಕೆಟ್ಟ ಹಾಗೆ ಕಾಣುತ್ತೆ

ಹಳೇ ಕಂಪ್ಯೂಟರ್‌ಗಳಲ್ಲಿ ಇದು ಬಹಳ ಜನರನ್ನು ಮೋಸಗೊಳಿಸುತ್ತೆ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಇರುತ್ತೆ. ಅಂಗಡಿಯಲ್ಲಿ ಸಿಆರ್2032 ಅಂತ ಕೇಳಬೇಕು. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ತಾರೀಖು ಹಳೇ ವರ್ಷಕ್ಕೆ ಓಡುತ್ತೆ. ಬ್ಯಾಂಕ್, ಸರ್ಕಾರಿ ಪೋರ್ಟಲ್‌ಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ಕಂಪ್ಯೂಟರ್‌ನ ತಾರೀಖು ಅದರ ಹೊರಗೆ ಬಿದ್ದರೆ ಬ್ರೌಸರ್ ಪುಟ ತೆರೆಯಲ್ಲ. ತಾರೀಖು ಸರಿ ಮಾಡಿ, ಬ್ಯಾಟರಿ ಬದಲಿಸಿದರೆ ಮುಗೀತು.

ಇನ್ನೊಂದು, ಹಳೇ ವಿಂಡೋಸ್. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 7ರಲ್ಲಿ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆಯದು. ಪೋರ್ಟಲ್ ಹೊಸ ಬ್ರೌಸರ್ ಕೇಳಿದರೆ ಅದು ಲ್ಯಾನ್ ಕಾರ್ಡ್‌ನ ತಪ್ಪಲ್ಲ.

ಕಾರ್ಡ್ ನಿಜವಾಗಿ ಸುಟ್ಟಿದ್ದರೆ

ಪಕ್ಕಾ ಮಾಡಿಕೊಳ್ಳಲು ಒಳ್ಳೆಯ ಪರೀಕ್ಷೆ ಒಂದಿದೆ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರ್ ಆನ್ ಮಾಡಬಹುದು. ಅದರಲ್ಲಿ ನೆಟ್ ಬಂದರೆ ಕಾರ್ಡ್ ಸರಿ ಇದೆ, ವಿಂಡೋಸ್ ಕಡೆ ತೊಂದರೆ. ಎರಡರಲ್ಲೂ ಬರದೆ, ವೈರ್ ಬದಲಿಸಿದರೂ ದೀಪ ಉರಿಯದಿದ್ದರೆ ಕಾರ್ಡ್ ಹೋಗಿದೆ ಅಂತ ಒಪ್ಪಿಕೊಳ್ಳಬೇಕು.

ಆಗಲೂ ಬೋರ್ಡ್ ಬದಲಿಸಬೇಕಿಲ್ಲ. ಎರಡು ದಾರಿ ಇವೆ. ಒಂದು, ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಅಥವಾ ವೈಫೈ ಡಾಂಗಲ್. ಕಂಪ್ಯೂಟರ್ ಬಿಚ್ಚುವ ಕೆಲಸವೇ ಇಲ್ಲ. ನಿಮ್ಮ ವಿಂಡೋಸ್‌ಗೆ ಡ್ರೈವರ್ ಇದೆಯಾ ಅಂತ ಕೇಳಿಯೇ ತಗೊಳ್ಳಿ. ಎರಡು, ಒಳಗೆ ಹಾಕುವ ಕಾರ್ಡ್. ಹಳೇ ಬೋರ್ಡ್‌ಗಳಲ್ಲಿ ಉದ್ದದ ಪಿಸಿಐ ಸ್ಲಾಟ್, ಆಮೇಲಿನವುಗಳಲ್ಲಿ ಗಿಡ್ಡದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುತ್ತೆ. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರಲ್ಲ. ಫೋಟೊ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ತೋರಿಸಿ. ಹೊಸದು ಹಾಕಿದ ಮೇಲೆ ಬಯೋಸ್‌ನಲ್ಲಿ ಹಳೆಯದನ್ನು ಆಫ್ ಮಾಡಿ.

ಮೊದಲೇ ಬಿಡಿ ಕಾರ್ಡ್ ಇರುವ ಕಂಪ್ಯೂಟರ್ ಆದರೆ, ಪ್ಲಗ್ ಕಿತ್ತು, ಡಬ್ಬಿಯ ಲೋಹದ ಭಾಗ ಒಮ್ಮೆ ಮುಟ್ಟಿ, ಕಾರ್ಡ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಚೂರು ಒರೆಸಿ ಮತ್ತೆ ಹಾಕಿ. ಧೂಳು, ತೇವಕ್ಕೆ ಸಂಪರ್ಕ ತಪ್ಪಿದ್ದರೆ ಸರಿ ಹೋಗುತ್ತೆ.

ಕಾರ್ಡ್ ಬದಲಾದರೆ ಅದರ ಮ್ಯಾಕ್ ಅಡ್ರೆಸ್ ಕೂಡ ಬದಲಾಗುತ್ತೆ. ವೈರ್ ನೇರ ಕಂಪ್ಯೂಟರ್‌ಗೇ ಬಂದಿದ್ದು, ಕೇಬಲ್ ಆಪರೇಟರ್ ಹಳೇ ನಂಬರ್‌ಗೆ ಲಾಕ್ ಮಾಡಿದ್ದರೆ ಹೊಸ ಕಾರ್ಡ್ ಸರಿ ಇದ್ದರೂ ನೆಟ್ ಬರಲ್ಲ. ಅವರಿಗೆ ಒಂದು ಮಾತು ಹೇಳಿ ಬದಲಿಸಿಕೊಳ್ಳಬೇಕು.

ಸಿಡಿಲಿನ ಕಾಲದಲ್ಲಿ ಯುಪಿಎಸ್ ಒಂದೇ ಸಾಲದು

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆ ಲ್ಯಾನ್ ಪೋರ್ಟ್‌ಗಳಿಗೆ ದೊಡ್ಡ ಶತ್ರು. ಯುಪಿಎಸ್ ಇದೆಯಲ್ಲ ಅಂತ ಹಲವರು ಧೈರ್ಯವಾಗಿರುತ್ತಾರೆ. ಯುಪಿಎಸ್ ನೋಡಿಕೊಳ್ಳೋದು ಕರೆಂಟ್ ದಾರಿಯನ್ನು ಮಾತ್ರ. ತಾಮ್ರದ ನೆಟ್ ವೈರ್ ಇನ್ನೊಂದು ದಾರಿ. ಹತ್ತಿರದಲ್ಲಿ ಸಿಡಿಲು ಬಡಿದರೆ ಕಂಬದಿಂದ, ಮಾಳಿಗೆಯಿಂದ ಬಂದ ಉದ್ದದ ವೈರ್‌ನಲ್ಲಿ ಹೆಚ್ಚುವರಿ ವೋಲ್ಟೇಜ್ ಹುಟ್ಟಿ ನೇರ ಪೋರ್ಟ್‌ಗೆ ನುಗ್ಗುತ್ತೆ.

ಫೈಬರ್ ಎಳೆ ಗಾಜಿನದು, ಅದರಲ್ಲಿ ಕರೆಂಟ್ ಹರಿಯಲ್ಲ. ಆದರೆ ಫೈಬರ್ ಡಬ್ಬಿಯ ಕರೆಂಟ್ ಅಡಾಪ್ಟರ್ ಮೂಲಕ ಬಂದು, ಅಲ್ಲಿಂದ ತಾಮ್ರದ ವೈರ್‌ನಲ್ಲಿ ಕಂಪ್ಯೂಟರ್ ತಲುಪಬಹುದು. ಆದ್ದರಿಂದ ಸಂಜೆ ಅಂಗಡಿ ಮುಚ್ಚುವಾಗ ಪವರ್ ಪ್ಲಗ್ ಜೊತೆ ನೆಟ್ ವೈರನ್ನೂ ಕಿತ್ತಿಡುವುದು ರೂಢಿಯಾಗಲಿ. ಗುಡುಗು ಶುರುವಾದ ಮೇಲೆ ವೈರ್‌ಗೆ ಕೈ ಹಾಕಬೇಡಿ, ಮೊದಲೇ ಕೀಳಿ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿಡಿ.

ರಿಪೇರಿಗೆ ಕೊಡುವಾಗ

ಎಲ್ಲ ಮಾಡಿಯೂ ಆಗಲಿಲ್ಲ ಅಂದ್ರೆ ರಿಪೇರಿಯವರ ಹತ್ತಿರ ಹೋಗಲೇಬೇಕು. ‘ನೆಟ್ ಬರ್ತಿಲ್ಲ’ ಅಂತ ಒಂದೇ ಮಾತು ಹೇಳುವ ಬದಲು ಮೂರು ವಿಷಯ ಹೇಳಿ: ದೀಪ ಉರಿಯುತ್ತಾ ಇಲ್ವಾ, ಡಿವೈಸ್ ಮ್ಯಾನೇಜರ್‌ನಲ್ಲಿ ಯಾವ ಕೋಡ್ ಇದೆ, ಬೇರೆ ವೈರ್ ಹಾಕಿ ನೋಡಿದ್ದೀರಾ. ಇಷ್ಟು ತಿಳಿದ ಗಿರಾಕಿಗೆ ಸುಮ್ಮನೆ ಬೋರ್ಡ್ ಹೋಗಿದೆ ಅಂತ ಹೇಳೋದು ಕಷ್ಟ. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೂ ಅರ್ಧ ಗಂಟೆ ಉಳಿಯುತ್ತೆ.

ಸಾಧ್ಯವಾದರೆ ನಿಮ್ಮ ಎದುರಲ್ಲೇ ನೋಡಿಸಿ. ಬಿಟ್ಟು ಬರಬೇಕಾದರೆ ಗಿರಾಕಿಗಳ ಆಧಾರ್, ಪಾಸ್‌ಬುಕ್, ಅಂಕಪಟ್ಟಿಯ ಸ್ಕ್ಯಾನ್ ಪ್ರತಿಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡು ಕಂಪ್ಯೂಟರ್‌ನಿಂದ ಅಳಿಸಿ, ಬ್ರೌಸರ್‌ನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್‌ಗಳನ್ನೂ ತೆಗೆಯಿರಿ. ಅಳಿಸಿದ ಫೈಲ್ ಮತ್ತೆ ತೆಗೆಯುವ ಸಾಫ್ಟ್‌ವೇರ್‌ಗಳೂ ಇರುವುದರಿಂದ, ಹಾರ್ಡ್ ಡಿಸ್ಕ್ ಬಿಚ್ಚಿ ಅಂಗಡಿಯಲ್ಲೇ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟರೆ ಇನ್ನೂ ಒಳ್ಳೇದು. ಲ್ಯಾನ್ ಪೋರ್ಟ್ ಕೆಟ್ಟಿದೆಯಾ ಅಂತ ನೋಡಲು ಪೆನ್‌ಡ್ರೈವ್‌ನ ಲಿನಕ್ಸ್ ಸಾಕು, ನಿಮ್ಮ ಡಿಸ್ಕ್ ಬೇಕಾಗಿಲ್ಲ.

ಕಂಪ್ಯೂಟರ್ ಸರಿ ಇರುವಾಗಲೇ ಒಂದು ಕೆಲಸ ಮುಗಿಸಿಡಿ. ಲ್ಯಾನ್ ಡ್ರೈವರ್ ಫೈಲನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ಗಲ್ಲಾಪೆಟ್ಟಿಗೆಯಲ್ಲಿಡಿ. ಐಪಿ ನಂಬರ್, ಗೇಟ್‌ವೇ, ಯೂಸರ್‌ನೇಮ್, ಕನೆಕ್ಷನ್ ಕೊಟ್ಟವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಸಿಪಿಯು ಡಬ್ಬಿಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಆ ಚೀಟಿಯಲ್ಲಿ ಬೇಡ.